ಹಿತ್ತಿಲ ಪೀಚು, ಸೊರಬದ ಜಾಡಿ

ಶಿಕಾರಿಪುರದ ಹೈಸ್ಕೂಲ್ ಮೇಷ್ಟ್ರು ಮಾಲತೇಶ್ ಹಠಕ್ಕೆ ಬಿದ್ದರೆ ಮುಗಿಯಿತು, ಕೊನೆಗೆ ಹಠವೇ ಸುಸ್ತಾಗಿ ಕೂರಬೇಕು. ಹಿತ್ತಿಲಲ್ಲಿ ಬಿಳಿ ತಿರುಳಿನ ಪೀಚ್ ಹಣ್ಣು ಬೆಳೆಯುತ್ತೇನೆಂದು ಸೊರಬದ ಮಾವನ ಮನೆಯಲ್ಲಿ ಎಲ್ಲರೆದುರು ಘೋಷಿಸಿಬಿಟ್ಟ. ಬಾಮೈದ ಚಂದ್ರಶೇಖರ್ ಕಿಸಕ್ಕನೆ ನಕ್ಕ.

"ಭಾವ, ಅದು ಚಳಿ ಸೀಮೆ ಗಿಡ. ನಮ್ಮ ಕಡೆ ಬರೀ ಎಲೆ ಬಿಡ್ತದೆ."

"ನೀನು ನಮ್ಮನೇಲಿ ಕೂತು ಬಿಳಿ ತಿರುಳು ತಿನ್ನೋ ಹಂಗೆ ಮಾಡ್ದೇ ಇದ್ರೆ, ಈ ಮೀಸೆ ಬೋಳಿಸ್ತೀನಿ ಕಣೋ."

ಮೀಸೆ ಸಾಮಾನ್ಯದ್ದಲ್ಲ. ಶಾಲೆಯ ಮಕ್ಕಳು ಮೇಷ್ಟ್ರಿಗಿಂತ ಅದಕ್ಕೇ ಹೆಚ್ಚು ಹೆದರುತ್ತಿದ್ದರು.

ನೆಟ್ಟ ಗಿಡ ಮೂರು ವರ್ಷ ಬರೀ ಎಲೆಯನ್ನೇ ಬಿಟ್ಟಿತು. ಚಳಿ ತಾನೇ ಬೇಕು, ನಾನೇ ಒದಗಿಸುತ್ತೇನೆಂದು ಮಾಲತೇಶ್ ನಾಲ್ಕನೇ ವರ್ಷ ಡಿಸೆಂಬರಿನಿಂದ ದಿನಾ ಬುಡಕ್ಕೆ ಐಸ್ ಸುರಿಯತೊಡಗಿದ. ಫ್ರಿಜ್ಜಿನ ತುಂಬ ಐಸಿನ ಡಬ್ಬಿಗಳು! ಗಡೀಪಾರಾದ ದೋಸೆ ಹಿಟ್ಟು ಉಕ್ಕಿ, ಕಟ್ಟೆಯಿಂದಿಳಿದು ನೆಲ ಸೇರಿತು.

"ರೀ, ಗಿಡಕ್ಕೊಂದು ಸ್ವೆಟರೂ ಹಾಕಿ," ಎಂದಳು ಹೆಂಡತಿ ನಯನ, ನೆಲ ಒರೆಸುತ್ತ.

"ಕಾಯಿ ಬಿಟ್ಟ ಮೇಲೆ ಮಾತಾಡು."

ಬಿಟ್ಟೇಬಿಟ್ಟಿತು. ಫೆಬ್ರವರಿಯಲ್ಲಿ ಗುಲಾಬಿ ಬಣ್ಣದ ಹೂವು, ಮಾರ್ಚಿಗೆ ಹೆಬ್ಬೆರಳ ಗಾತ್ರದ ಏಳು ಹಸಿರು ಕಾಯಿ. ಮಾಲತೇಶನ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆ ಎಣಿಸಿದ, ಸಂಜೆ ಎಣಿಸಿದ. ಅಷ್ಟರಲ್ಲಿ ಮೈಸೂರಿನಲ್ಲಿ ಹತ್ತು ದಿನದ ತರಬೇತಿ ಬಂದು ವಕ್ಕರಿಸಿತು. ನಯನಳ ಜೊತೆಗಿರಲೆಂದು ಸೊರಬದಿಂದ ಅತ್ತೆ ಬಂಗಾರಮ್ಮ ಬಂದರು. ಮಾಲತೇಶ್ ದಿನಾ ಫೋನ್ ಮಾಡಿ ಗಿಡಕ್ಕೆ ನೀರು ಬಿಟ್ಟೆಯಾ ಎಂದು ಕೇಳಿದನೇ ಹೊರತು ಕಾಯಿಯ ಯೋಗಕ್ಷೇಮ ಕೇಳಲಿಲ್ಲ. ನೀರಿನ ಕೆಲಸವನ್ನು ತಾಯಿಗೆ ವಹಿಸಿದ್ದ ನಯನ ಹೂಂ ಎಂದು ಫೋನ್ ಇಡುತ್ತಿದ್ದಳು.

ಅವನು ವಾಪಸ್ ಬಂದ ದಿನ, ತಾಯಿಯನ್ನು ಕರೆದೊಯ್ಯಲು ಚಂದ್ರಶೇಖರನೂ ಬಂದಿದ್ದ. ಬಂದವನೇ ಹಿತ್ತಿಲಿಗೆ ಹೊರಟ ಮಾಲತೇಶನನ್ನು ನಯನ, ಮೊದಲು ಊಟ ಎಂದು ತಡೆದು ಕೂರಿಸಿದಳು. ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ. ಮಾಲತೇಶ್ ಒಂದನ್ನು ಮುಗಿಸಿ ಇನ್ನೊಂದು ಹಾಕಿಸಿಕೊಂಡ.

"ಅತ್ತೆ, ನಿಮ್ಮ ಕೈರುಚಿಯೇ ಬೇರೆ. ಎಲ್ಲಿ ಮಿಡಿ ಇದು?"

"ನಿಮ್ಮ ಹಿತ್ಲದ್ದೇ ಅಳಿಯಂದ್ರೇ. ಆ ಕುಳ್ಳ ಮಾವಿನ ಗಿಡದಲ್ಲಿ ಬಿಟ್ಟಿತ್ತಲ್ಲ. ಬಲಿತು ಹಾಳಾಗೋದು ಬೇಡ ಅಂತ ಕೊಯ್ದು ಉಪ್ಪಿಗೆ ಹಾಕ್ದೆ. ಮೈಮೇಲೆ ಎಂಥದೋ ಸಣ್ಣ ಕೂದ್ಲು, ಒರೆಸಿ ಒರೆಸಿ ಸಾಕಾಯ್ತು."

"ಅಮ್ಮಾ, ಅದು ಮಾವಲ್ಲ. ಇವರು ಐಸ್ ಹಾಕಿ ಸಾಕಿದ ಪೀಚ್ ಗಿಡ," ಎಂದು ನಯನ ಹಣೆ ಚಚ್ಚಿಕೊಂಡಳು. "ನೀನು ಸೊರಬದಿಂದ ತಂದ ಮಿಡಿ ಅಂತ ನಾನು ಅಂದ್ಕಂಡಿದ್ದೆ."

ಮಾಲತೇಶ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಹಿತ್ತಿಲ ಕಡೆ ಕತ್ತು ಚಾಚಿದ. ಚಂದ್ರಶೇಖರ್ ತಾನು ಕಚ್ಚಿದ ಮಿಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ತಿರುಳು ಬೆಳ್ಳಗೇ ಇದೆ ಭಾವ. ನಿಮ್ಮನೇಲಿ ಕೂತೇ ತಿಂದೆ. ಮೀಸೆ ಉಳೀತು ಬಿಡಿ."

ಮಾಲತೇಶನ ಕೈ ತಾನಾಗಿ ಮೀಸೆಗೆ ಹೋಯಿತು. ಅದರ ತುದಿಗೆಲ್ಲ ಖಾರ ಮೆತ್ತಿತ್ತು. ಬಂಗಾರಮ್ಮ ತಾವು ಸೊರಬದಿಂದ ತಂದಿದ್ದ ಜಾಡಿ ಬಗ್ಗಿಸಿ, ಉಳಿದಿದ್ದ ಕೊನೆಯ ಮಿಡಿಯನ್ನು ಅವನ ತಟ್ಟೆಗೆ ಹಾಕಿದರು.

"ಬೇಜಾರು ಮಾಡ್ಕಬೇಡಿ ಅಳಿಯಂದ್ರೇ. ಮುಂದಿನ ವರ್ಷ ಐಸ್ ಸ್ವಲ್ಪ ಜಾಸ್ತಿ ಹಾಕಿ. ಏಳೇ ಮಿಡಿ ಯಾವ ಮೂಲೆಗೆ ಸಾಲ್ತದೆ?"