ಅರಿಶಿನ ಕುಂಕುಮ ತಡೆಯದ ಡಿಸ್ಕಿನ ಬಗ್ಗೆ

ಖಾಲಿ ಡಿಸ್ಕುಗಳ ಡಬ್ಬಿಯೊಳಗೆ ಎಚ್ಚರಿಕೆಯ ಚೀಟಿ ಬರೆದಿಟ್ಟ ಮಾನ್ಯರೇ,

ಮುಳಬಾಗಿಲಿನಿಂದ ನಮಸ್ಕಾರಗಳು. ತಾವು ಧೂಳಿಲ್ಲದ, ಬಿಸಿಲು ಬೀಳದ, ಯಾರೂ ಏನನ್ನೂ ಮುಟ್ಟದ ಯಾವುದೋ ಊರಿನಲ್ಲಿ ಕ್ಷೇಮವಾಗಿರುವಿರೆಂದು ತಮ್ಮ ಚೀಟಿಯಿಂದಲೇ ತಿಳಿದು ಸಂತೋಷವಾಯಿತು.

ಇಪ್ಪತ್ತಮೂರು ವರ್ಷಗಳ ಹಿಂದೆ ನನ್ನ ಮದುವೆಯಲ್ಲಿ ನಮ್ಮ ಅತ್ತೆ ತಿರುಮಲಮ್ಮನವರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದ ಹಸೆ ಹಾಡುಗಳು ಒಂದು ಕ್ಯಾಸೆಟ್ಟಿನಲ್ಲಿವೆ. ಹೋದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಹಾಡಲಾಗುವುದಿಲ್ಲ. ಬರುವ ತಿಂಗಳು ಮೊಮ್ಮಗಳು ಸೌಪರ್ಣಿಕಾಳನ್ನು ಹಸೆಗೆ ಕೂರಿಸುವಾಗ ತಮ್ಮ ದನಿ ಕೇಳಬೇಕೆಂಬುದೊಂದೇ ಅವರ ಆಸೆ. ಟೇಪಿನಿಂದ ನೇರವಾಗಿ ಡಿಸ್ಕಿಗೆ ಹಾಡು ಇಳಿಸಿಕೊಡುವ ಸ್ಟುಡಿಯೋದ ಕದಿರೇಶ, "ಟೇಪು ಸವೆದೋಗಿದೆ ಕಣಕ್ಕ, ಇನ್ನು ನಾಕು ಸಲ ಓಡಿದ್ರೆ ಪುಣ್ಯ" ಎಂದ. ಹಾಗಾಗಿ ನಾಲ್ಕೇ ಡಿಸ್ಕು ತರಿಸಿದೆವು.

ಮೊದಲನೆಯದನ್ನು ನನ್ನ ಪತಿ ಮುಕುಂದ್ ತರುವ ದಾರಿಯಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳ ಧೂಳಿನಲ್ಲೇ ಬಿಚ್ಚಿ, ಕನ್ನಡಿಯಂತೆ ಹಿಡಿದು ತಲೆ ಬಾಚಿಕೊಂಡರು. ಹಾಡು ಇಳಿಯಲಿಲ್ಲ. ಎರಡನೆಯದರ ಬೆನ್ನಿನ ಮೇಲೆ ನಾನೇ ಬಾಲ್‌ಪೆನ್ನಿನಿಂದ ಒತ್ತಿ ಅತ್ತೆಯ ಹೆಸರು ಬರೆದೆ. ಅದೂ ಹೋಯಿತು.

ಮೂರನೆಯದನ್ನು ಅತ್ತೆ ದೇವರ ಮುಂದಿಟ್ಟು, ಮನೆಗೆ ಬಂದ ಯಾವ ಹೊಸ ವಸ್ತುವಿಗೂ ಇಡುವಂತೆ, ಹೊಳೆಯುವ ಕಡೆಗೇ ಅರಿಶಿನ ಕುಂಕುಮವಿಟ್ಟರು. ನಾನು ಅಲ್ಲೇ ನಿಂತಿದ್ದೆ. ಆ ಮೈಯನ್ನು ಮುಟ್ಟಬಾರದೆಂದು ತಾವು ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಆ ಹೊತ್ತಿಗೆ ಓದಿದ್ದವಳು ಮನೆಯಲ್ಲಿ ನಾನೊಬ್ಬಳೇ. ಕುಂಕುಮ ಬೇಡವೆನ್ನಲು ಬಾಯಿ ಬರಲಿಲ್ಲವೆಂದು ಸಮಾಧಾನ ಹೇಳಿಕೊಂಡೆ. ಆದರೆ ಚೀಟಿಯನ್ನು ಮಡಿಸಿ ಡ್ರಾಯರಿಗೆ ಹಾಕುವ ಮೊದಲು ಕನ್ನಡದಲ್ಲಿ ಒಮ್ಮೆ ಓದಿ ಹೇಳಲು ನನಗೇನಾಗಿತ್ತು? ಈ ವಿಷಯದಲ್ಲಿ ತಾವೂ ನಾನೂ ಒಂದೇ ಶಾಲೆಯವರು.

ಆದ್ದರಿಂದ ತಮ್ಮಲ್ಲಿ ವಿನಂತಿ: ದಯವಿಟ್ಟು ಕುಂಕುಮ ತಡೆಯುವ ಡಿಸ್ಕನ್ನು ತಯಾರಿಸಿ. ಆಗದಿದ್ದಲ್ಲಿ, ಮಾಲೂರಿನ ಗೂಡುಗಳಿಗೆ ಒಂದು ತಿಂಗಳು ರಜೆ ಕೊಡಿಸಿ. ಅದೂ ಆಗದಿದ್ದಲ್ಲಿ, ಹಿಡಿಯಲು ಅಂಚು ಮಾತ್ರವೇ ಇರುವ, ಮೈಯೇ ಇಲ್ಲದ ಡಿಸ್ಕನ್ನಾದರೂ ಕಳುಹಿಸಿಕೊಡಿ.

ಉಳಿದ ಒಂದೇ ಒಂದನ್ನು ತೆಗೆಯುವ ಮೊದಲು ತಮ್ಮ ಚೀಟಿಯನ್ನು ಅತ್ತೆಗೆ ಸಾಲುಸಾಲಾಗಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು, ಒಡೆದ ದನಿಯಲ್ಲಿ, "ಇಷ್ಟೇನಾ? ಮೊದ್ಲೇ ಹೇಳೋಕೇನಾಗಿತ್ತೇ ಮೃದುಲಾ? ಕುಂಕುಮ ಡಬ್ಬಿಗೆ ಇಡ್ತೀನಿ ಬಿಡು" ಎಂದವರೇ, ಕಾದ ಹೆಂಚಿನಿಂದ ಹೋಳಿಗೆ ಎತ್ತುವಂತೆ ಡಿಸ್ಕಿನ ಅಂಚು ಹಿಡಿದು ಕದಿರೇಶನ ಮೆಷಿನ್ನಿಗೆ ತಾವೇ ಇಟ್ಟರು. ಅಷ್ಟೂ ಹಾಡುಗಳು ಇಳಿದವು. ಕೊನೆಯ ಹಾಡು ಮುಗಿದು ಕ್ಯಾಸೆಟ್ಟನ್ನು ಹೊರಗೆ ತೆಗೆಯುವಾಗ ಟೇಪು ತುಂಡಾಯಿತು.

ಈ ಪತ್ರವನ್ನೂ ಅಂಚಿನಲ್ಲಷ್ಟೇ ಹಿಡಿದು ಲಕೋಟೆಗೆ ಹಾಕುತ್ತಿರುವ,
ತಮ್ಮ ವಿಶ್ವಾಸಿ
ಮೃದುಲಾ

ಮರೆತ ಮಾತು: ಕೆಟ್ಟ ಮೂರು ಡಿಸ್ಕುಗಳನ್ನು ಯಲ್ದೂರಿನ ನಮ್ಮ ಮಾವಿನ ಮರಗಳಿಗೆ ಕಟ್ಟಿದ್ದೇವೆ. "ಒಂದು ಗಿಣಿನೂ ಹತ್ರ ಬರ್ತಿಲ್ಲ ಕಣಮ್ಮ" ಎನ್ನುತ್ತಾಳೆ ತೋಟ ನೋಡಿಕೊಳ್ಳುವ ಮುನಿಯಲ್ಲಮ್ಮ. ತಮ್ಮ ಇಂಗ್ಲಿಷ್ ಚೀಟಿಯನ್ನು ಯಾರೂ ಓದಿ ಹೇಳದಿದ್ದರೂ ಡಿಸ್ಕನ್ನು ಮುಟ್ಟದೆ ಇರುವವರು ಇಡೀ ಜಿಲ್ಲೆಯಲ್ಲಿ ಆ ಗಿಣಿಗಳಷ್ಟೇ.