ಹವಾಲ್ದಾರ ಆನೆ ಮತ್ತು ಒಂದು ಮೊರ ಶೇಂಗಾ

ಈಗಿನ ಮಕ್ಕಳಿಗೆ ಕಾರ್ಟೂನು ನೋಡಲು ಬರುವುದಿಲ್ಲ ಎಂಬುದು ಸಿದ್ಧರಾಮನ ಬಹುದಿನದ ತಕರಾರು. ಸೋಲಾಪುರದಲ್ಲಿ ಅವನದೊಂದು ಚಾದರದ ಅಂಗಡಿ. ಗಿರಾಕಿ ಒಂದು ಚಾದರ ಬಿಚ್ಚಿಸಿ ನೋಡುವಷ್ಟರಲ್ಲಿ ಅವನು ಈ ತಕರಾರನ್ನು ಪೂರ್ತಿ ಹೇಳಿ ಮುಗಿಸುತ್ತಿದ್ದ. (ಅದಕ್ಕೇ ಕೆಲವರು ಎರಡನೆಯ ಚಾದರ ಬಿಚ್ಚಿಸುತ್ತಿರಲಿಲ್ಲ.)

ರವಿವಾರ ಬೆಳಿಗ್ಗೆ ಹನ್ನೊಂದು ವರ್ಷದ ಮಗಳು ಪ್ರಣಿತಾ ಹಾಸಿಗೆಯಲ್ಲೇ ಮೊಬೈಲು ಹಿಡಿದು ಕಿಸಕ್ಕನೆ ನಗುವುದನ್ನು ಕಂಡರೆ ಅವನಿಗೆ ಕಸಿವಿಸಿಯಾಗುತ್ತಿತ್ತು. ಅವಳು ನಗುವುದಕ್ಕಲ್ಲ, ತನ್ನನ್ನು ಬಿಟ್ಟು ಒಬ್ಬಳೇ ನಗುವುದಕ್ಕೆ. ಅಪ್ಪನಾದವನು ಹಾಗೆಂದು ಬಾಯಿಬಿಟ್ಟು ಹೇಳಲು ಬರುತ್ತದೆಯೇ? ಅದರ ಬದಲು ಅವನು ತಾನು ಹುಟ್ಟಿ ಬೆಳೆದ ನಾಗಣಸೂರಿನ ಪುರಾಣ ತೆಗೆಯುತ್ತಿದ್ದ.

"ನಮ್ಮ ಊರಾಗ ಒಂದೇ ಟೀವಿ, ಚನ್ನವೀರಪ್ಪ ಸಾವಕಾರರ ಮನ್ಯಾಗ. ಐತವಾರ ಒಂಬತ್ತಕ್ಕ ಕಾರ್ಟೂನ. ಝಳಕಾ ಮಾಡಿ, ವಿಭೂತಿ ಹಚ್ಕೊಂಡ ಹೋಗಬೇಕು. ಸಾವಕಾರರ ಹೆಂಡ್ತಿ ಅಕ್ಕನಾಗಮ್ಮನವ್ರು ಒಬ್ಬೊಬ್ಬರ ಮುಂದ ಒಂದೊಂದ ಮೊರ ಶೇಂಗಾ ಇಡತಿದ್ರು, ಬಿತ್ತೂ ಬೀಜ ಸುಲೀಲಿಕ್ಕಿ. ಕಣ್ಣ ಟೀವಿ ಮ್ಯಾಲ, ಕೈ ಶೇಂಗಾದ ಮ್ಯಾಲ. ಒಂದ ಕಾಳ ಬಾಯಾಗ ಹಾಕ್ತಿರಲಿಲ್ಲ. ಶಿಸ್ತ ಅಂದ್ರ ಅದು."

ಆ ಕಾರ್ಟೂನಿನ ನಾಯಕ ಒಬ್ಬ ಹವಾಲ್ದಾರ ಆನೆ. ಇಷ್ಟು ಹೊಟ್ಟೆ, ಇಷ್ಟುದ್ದ ಸೊಂಡಿಲು, ದನಿಯೆಂದರೆ ಗುಡುಗು. ಪ್ರಣಿತಾ ಚಿಕ್ಕವಳಿದ್ದಾಗ ಅಪ್ಪನ ಬೆನ್ನೇರಿ ಆ ಆನೆಯ ಸವಾರಿ ಎಷ್ಟೋ ಸಲ ಮಾಡಿದ್ದಳು. ಈಗ ಅವಳಿಗೆ ಅಪ್ಪನ ಬೆನ್ನು ಬೇಕಿರಲಿಲ್ಲ.

ಒಂದು ಶನಿವಾರ ಸಿದ್ಧರಾಮ ರಾಜಾಜ್ಞೆ ಹೊರಡಿಸಿದ. ನಾಳೆಯಿಂದ ರವಿವಾರ ಬೆಳಿಗ್ಗೆ ಮೊಬೈಲು ಬಂದ್. ಎಲ್ಲರೂ ಟೀವಿ ಮುಂದೆ, ಎಲ್ಲರ ಮುಂದೆ ಒಂದೊಂದು ಮೊರ ಶೇಂಗಾ. ಹೆಂಡತಿ ಉಜ್ವಲಾ ಕೂಡಲೇ ಒಪ್ಪಿದಳು. ಅಕ್ಕಲಕೋಟೆಯ ತವರಿನಿಂದ ಬಂದ ಶೇಂಗಾ ಚೀಲ ಚಟ್ನಿಗೆ ಸುಲಿಯುವವರಿಲ್ಲದೆ ತಿಂಗಳಿಂದ ಅಡುಗೆಮನೆಯಲ್ಲಿ ಬಿದ್ದಿತ್ತು.

ಪ್ರಣಿತಾ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. "ಪಪ್ಪಾ, ನೀ ಹೇಳೂದೆಲ್ಲಾ ಖರೇ ಅದ ಅಂತ ಪುರಾವಾ ಏನ ಅದ?"

"ನಾ ಸುಳ್ಳ ಹೇಳ್ತೀನೇನ?"

"ಸುಳ್ಳಾದ್ರ ಮೊಬೈಲ ವಾಪಸ. ನಾಗಣಸೂರ ಕಥೀನೂ ಬಂದ್."

"ಆತು," ಎಂದ ಸಿದ್ಧರಾಮ. ಮೂವತ್ತೈದು ವರ್ಷದ ಹಿಂದಿನ ಕಾರ್ಟೂನಿಗೆ ಸಾಕ್ಷಿ ಎಲ್ಲಿಂದ ಬರಬೇಕು ಎಂಬ ಧೈರ್ಯ ಅವನದು.

ಸಾಕ್ಷಿ ಮರುದಿನ ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ಬಂತು. ಸೋಮವಾರ ಕಣ್ಣಿನ ದವಾಖಾನೆಗೆ ತೋರಿಸಬೇಕೆಂದು ಸಾಕ್ಷಾತ್ ಅಕ್ಕನಾಗಮ್ಮನೇ ಬಂದಿಳಿದಳು. ಸಿದ್ಧರಾಮನಿಗೆ ಹಿಗ್ಗೋ ಹಿಗ್ಗು. ಹೇಳಿ ಹೇಳಿ ಆ ಕಥೆ ಅವನಿಗೂ ಖರೆಯಾಗಿಬಿಟ್ಟಿತ್ತು. ಮುದುಕಿಯನ್ನು ನಡುವಿನ ಕುರ್ಚಿಯಲ್ಲಿ ಕೂಡಿಸಿದ. ಕೈ ಸುಮ್ಮನಿರದ ಆಕೆ ತಾನೂ ಒಂದು ಮೊರ ಎಳೆದುಕೊಂಡಳು.

"ಪಪ್ಪಾ, ನಿನ್ನ ಕಾರ್ಟೂನ ಸಿಕ್ತು. ಯಾರೋ ನೆಟ್ ಮ್ಯಾಗ ಹಾಕ್ಯಾರ," ಎನ್ನುತ್ತ ಪ್ರಣಿತಾ ಟೀವಿ ಹಚ್ಚಿದಳು.

ಸಿದ್ಧರಾಮನ ಕಣ್ಣು ತುಂಬಿ ಬಂತು. ಪರದೆಯ ಮೇಲೆ ಮಾಸಿದ ಬಣ್ಣದ ಒಂದು ಪೊಲೀಸ್ ಚೌಕಿ. ಒಳಗಿಂದ ಗುಡುಗಿನಂಥ ದನಿ.

"ಅದೇ ದನಿ. ಈಗ ಆನಿ ಬರ್ತದ ನೋಡು," ಎಂದು ಅವನು ಮಗಳ ಭುಜ ಹಿಡಿದ.

ಬಾಗಿಲಿನಿಂದ ಒಂದು ಗುಬ್ಬಿ ಹೊರಬಂತು. ತಲೆಯ ಮೇಲೆ ಹವಾಲ್ದಾರನ ಟೋಪಿ. ಗುಡುಗಿದ್ದು ಅದೇ.

"ಆನಿ ಹಿಂದ ಇರಬೇಕು," ಎಂದ ಸಿದ್ಧರಾಮ. ಗುಬ್ಬಿ ಕಳ್ಳರನ್ನು ಹಿಡಿಯಿತು, ಸಲಾಮು ಹೊಡೆಯಿತು, ಕಾರ್ಟೂನೂ ಮುಗಿಯಿತು. ಆನೆಯ ಬಾಲ ಕೂಡ ಕಾಣಲಿಲ್ಲ.

"ಆನಿಗಿ ಬದಲಿ ಆಗಿತ್ತೇನ್ರಿ ಮಂಗಳವೇಢೆ ಚೌಕಿಗಿ?" ಎಂದು ಉಜ್ವಲಾ ಮೊರದಿಂದ ತಲೆಯೆತ್ತದೆ ಕೇಳಿದಳು.

ಸಿದ್ಧರಾಮ ಸಾಕ್ಷಿಯ ಕಡೆ ತಿರುಗಿದ. "ದೊಡ್ಡವ್ವ, ನೀವರೆ ಹೇಳ್ರಿ. ನಾ ನಿಮ್ಮ ಮನ್ಯಾಗ ಪ್ರತಿ ಐತವಾರ ನೋಡಿಲ್ಲೇನ್ರಿ?"

"ಬರತಿದ್ದಿ ಖರೆ," ಎಂದಳು ಅಕ್ಕನಾಗಮ್ಮ. "ನೋಡೂದೆಲ್ಲಿ ನೋಡಿದ್ಯೋ ತಮ್ಮಾ? ನೀ ಮಾಳಗಿ ಮ್ಯಾಲ ಇರತಿದ್ದಿ."

"ಮಾಳಗಿ ಮ್ಯಾಲ ಯಾಕ್ರಿ ಅಜ್ಜಿ?" ಎಂದು ಪ್ರಣಿತಾ ಸರಿದು ಕೂತಳು.

"ಶೇಂಗಾ ತಿಂದವ್ರಿಗಿ ಅದೇ ಶಿಕ್ಷಾ. ಮ್ಯಾಲ ಹೋಗಿ ಅಂಟೆನಾ ಹಿಡ್ಕೊಂಡ ನಿಂದ್ರಬೇಕು. ಉಳಿದ ಹುಡುಗ್ರು ಒಂದೊಂದ ಸಲ ಹೋಗ್ಯಾರ. ನಿಮ್ಮಪ್ಪ ಪ್ರತಿ ವಾರ. ಕಡೀಕ ಅವನ ಮುಂದ ಮೊರ ಇಡೂದೇ ಬಿಟ್ಟೆ, ಸೀದಾ ಮ್ಯಾಲ ಕಳಸತಿದ್ದೆ. ಆದ್ರ ಒಂದ ಮಾತ, ಅವ ಹಿಡದಂಗ ಅಂಟೆನಾ ಯಾರೂ ಹಿಡೀಲಿಲ್ಲ. ಚಿತ್ರ ಒಂಚೂರೂ ಅಲಗಾಡತಿರಲಿಲ್ಲ."

ಸಿದ್ಧರಾಮನಿಗೆ ಎಲ್ಲ ನೆನಪಾಯಿತು. ಅಂಗೈಗೆ ಹತ್ತುತ್ತಿದ್ದ ಅಂಟೆನಾದ ಬಿಸಿ ಕೊಳವೆ, ಬೆಳಕಿಂಡಿಯಿಂದ ಏರಿ ಬರುತ್ತಿದ್ದ ಆ ಗುಡುಗು, ಅದರ ಹಿಂದೆ ಹುಡುಗರ ನಗೆ. ಅಷ್ಟು ದೊಡ್ಡ ದನಿಗೆ ಆನೆಗಿಂತ ಸಣ್ಣದೇನೂ ಸಾಲದೆಂದು ಹತ್ತು ವರ್ಷದ ಹುಡುಗ ಮನಸ್ಸಿನಲ್ಲೇ ಆನೆಯೊಂದನ್ನು ಕಟ್ಟಿಕೊಂಡಿದ್ದ. ನಾಚಿಕೆಯೂ ಆಯಿತು, ದುಃಖವೂ ಆಯಿತು. ಮಾತಿಗೆ ತಪ್ಪದೆ ಮೊಬೈಲು ತಂದು ಮಗಳ ಕೈಯಲ್ಲಿಟ್ಟ.

ಪ್ರಣಿತಾ ಅದನ್ನು ಪಕ್ಕಕ್ಕಿಟ್ಟು ಟೀವಿಯಲ್ಲಿ ಗುಬ್ಬಿಯ ಎರಡನೆಯ ಕಂತು ಹಚ್ಚಿದಳು.

"ಸಿದ್ರಾಮ," ಎಂದಳು ಅಕ್ಕನಾಗಮ್ಮ, ಟೀವಿಯಿಂದ ಕಣ್ಣು ಕೀಳದೆ, "ಬಾಯಾಗೇನದ?"

ದುಃಖದ ಭರದಲ್ಲಿ ಅವನು ನಾಕು ಕಾಳು ಬಾಯಿಗೆ ಹಾಕಿಕೊಂಡಿದ್ದ.

"ಏಳು. ಮ್ಯಾಲ ನಡಿ."

ನಲವತ್ತೈದು ವರ್ಷದ ಚಾದರದ ವ್ಯಾಪಾರಿ ಎದ್ದೇಬಿಟ್ಟ. ಕಾಲು ತಾವಾಗಿಯೇ ಮೆಟ್ಟಿಲು ಹತ್ತಿದವು. ಮೇಲೆ ಅಂಟೆನಾ ಎಲ್ಲಿಂದ ಬರಬೇಕು? ಬಟ್ಟೆ ಒಣಹಾಕುವ ತಂತಿಯ ಕಂಬವೊಂದಿತ್ತು. ಅದನ್ನೇ ಎರಡೂ ಕೈಯಿಂದ ಹಿಡಿದು ಬಗ್ಗಿ ಕೂಗಿದ, "ಚಿತ್ರ ಬಂತೇನವಾ?"

"ಬಂತು ಪಪ್ಪಾ," ಎಂದು ಕೆಳಗಿನಿಂದ ಮಗಳ ದನಿ ಬಂತು. "ಅಲ್ಲೇ ಹಿಡ್ಕೊಂಡ ನಿಂದ್ರು."

ಕೆಳಗೆ ಹವಾಲ್ದಾರ ಗುಡುಗಿದ. ಉಜ್ವಲಾ, ಪ್ರಣಿತಾ, ಅಕ್ಕನಾಗಮ್ಮ ಮೂವರೂ ಕೂಡಿ ನಕ್ಕರು. ಗುಬ್ಬಿ ಏನು ಮಾಡಿತೋ ಸಿದ್ಧರಾಮನಿಗೆ ಕಾಣಲಿಲ್ಲ, ಆದರೂ ನಕ್ಕ. ಅವನ ಆಸೆಯಂತೆ ಮಗಳು ಈಗ ಒಬ್ಬಳೇ ನಗುತ್ತಿರಲಿಲ್ಲ. ಒಬ್ಬನೇ ನಗುತ್ತಿದ್ದವನು ಅವನು.