ಕೋಳಿ ಜಗಳ ನಿಂತ ಮೇಲೆ

ಪೀಪ್! ಪೀ...ಪ್!

ಹಿತ್ತಲ ಗೋಡೆಯಾಚೆ ಸೀಟಿ ಕೇಳಿದ್ದೇ ತಡ, ಹೊಲಿಗೆಯಕ್ಕ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು, ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಬಟ್ಟೆಗೆ ಚುಚ್ಚಿ, ಪೊರಕೆ ಹಿಡಿದು ಹೊರಗೋಡಿದಳು. (ಬಾಯಲ್ಲಿ ಸೂಜಿ ಇಟ್ಟುಕೊಂಡು ಜಗಳಕ್ಕಿಳಿಯಬಾರದೆಂದು ಅನುಭವದಿಂದಲೇ ಕಲಿತಿದ್ದಳು.)

ಸೀಟಿ ಊದುತ್ತಿದ್ದವರು ಪಕ್ಕದ ಮನೆಯ ಕಂಡಕ್ಟರಮ್ಮ. ನಿವೃತ್ತರಾದ ದಿನ ಬಸ್ಸನ್ನು ಬಿಟ್ಟು ಬಂದರೇ ಹೊರತು ಸೀಟಿಯನ್ನು ಬಿಟ್ಟು ಬರಲಿಲ್ಲ. ಅವರು ಊದಿದರೆ ಸಾಕು, ಮಾಡಿನ ಮೇಲಿಂದ, ಮೋರಿಯೊಳಗಿಂದ, ಹಳೆ ಪೆಟ್ಟಿಗೆಗಳ ಸಂದಿಯಿಂದ ಬೀದಿಬೆಕ್ಕುಗಳು ಊಟಕ್ಕೆ ದಂಡೆತ್ತಿ ಬರುತ್ತಿದ್ದವು. "ತಳ್ಳಾಡಬೇಡಿ! ಮುಂದೆ ಜಾಗ ಇದೆ, ಮುಂದೆ ಹೋಗಿ!" ಎಂದು ಕಂಡಕ್ಟರಮ್ಮ ತಟ್ಟೆ ಇಡುವರು. ಆದರೆ ಈ ದಂಡಿನ ದಾರಿ ಹೊಲಿಗೆಯಕ್ಕನ ಹಿತ್ತಲು. ಅಲ್ಲಿ ಮೂರು ಹೇಂಟೆ, ಒಂದು ಹುಂಜ, ಹತ್ತಿಯುಂಡೆಯಂಥ ಮರಿಗಳು.

"ಕಂಡಕ್ಟರಮ್ಮಾ! ನಿಮ್ಮ ಕೆಂಪು ಗಡವ ಬೆಕ್ಕು ಇವತ್ತೂ ಒಂದು ಮರಿ ಎತ್ತಿಕೊಂಡು ಹೋಯಿತು!"

"ಅದಕ್ಕೊಂದು ಹೆಸರಿದೆ ಟೈಲರಮ್ಮ. ಪಾಸ್ ಅಂತ. ಎಲ್ಲರ ಮನೆಗೂ ಪುಕ್ಕಟೆ ಹೋಗಿಬರುತ್ತದಲ್ಲ, ಅದಕ್ಕೆ."

"ನಾಳೆ ಬರಲಿ, ಪಾಸು ಹರಿದು ಕೈಗೆ ಕೊಡುತ್ತೇನೆ!"

"ಮೊದಲು ಕಾಳು ಚೆಲ್ಲುವುದು ನಿಲ್ಲಿಸಿ. ಕಾಳಿಗೆ ಇಲಿ, ಇಲಿಗೆ ಬೆಕ್ಕು. ಸ್ಟ್ಯಾಂಡ್ ನೀವೇ ಕಟ್ಟಿಸಿ, ಬಸ್ಸು ಯಾಕೆ ಬಂತು ಅಂದರೆ? ಅಂದಹಾಗೆ ಕಣ್ಣೇಕೆ ಕೆಂಪಗಿದೆ? ನಿದ್ದೆಗೆಟ್ಟು ಹೊಲಿದಿರಾ?"

"ಮಾತು ತಪ್ಪಿಸಬೇಡಿ!"

ಹೊಲಿಗೆಯಕ್ಕ ಕೈಕಟ್ಟಿ ಕೂರುವವಳಲ್ಲ. ಬೆಕ್ಕಿಗೆ ಆ ವಾಸನೆ ಆಗದೆಂದು ಗೋಡೆಯ ಮೇಲೆ ಕಿತ್ತಳೆ ಸಿಪ್ಪೆ ಹರಡಿದಳು. ಬೆಕ್ಕು ಅದರ ಪಕ್ಕದಲ್ಲೇ ಬಿಸಿಲು ಕಾಯಿಸಿಕೊಂಡಿತು. ನೀರೆರಚಿದಳು, ಒದ್ದೆಯಾದವಳು ಅವಳೇ. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಲೋಕವೆಲ್ಲ ಕೇಳುತ್ತದೆ. ಇವಳು ಉಳಿದ ಸ್ಯಾಟಿನ್ ಬಟ್ಟೆಯಲ್ಲಿ ಪಟ್ಟಿ ಹೊಲಿದು, ಗಂಟೆ ಪೋಣಿಸಿ, ಕಟ್ಟಲು ಹೊರಟೇಬಿಟ್ಟಳು. (ಗಂಟೆ ಈಗಲೂ ಅವಳ ಬಳಿಯೇ ಇದೆ. ಮೊಣಕೈವರೆಗಿನ ಗೀರುಗಳೂ.)

ಕೊನೆಗೆ ವೆಲ್ಡಿಂಗಿನವನು ಬಂದು ಹಿತ್ತಲ ಮೂಲೆಗೆ ಮೇಲೆ ಕೆಳಗೆ ಸಣ್ಣ ಕಣ್ಣಿನ ಜಾಲರಿ ಬಿಗಿದ. "ಅಕ್ಕಾ, ಬೆಕ್ಕಲ್ಲ, ಬೆಕ್ಕಿನ ಮೀಸೆಯೂ ನುಗ್ಗಲ್ಲ."

ಮರುದಿನ ಸೀಟಿ ಕೇಳಿತು. ಪೊರಕೆ ಹಿಡಿದು ಓಡಿದಳು. ಪಾಸ್ ಜಾಲರಿಗೆ ಒಂದು ಸುತ್ತು ಹಾಕಿ, ಆಕಳಿಸಿ, ಗೋಡೆ ಹಾರಿತು. ಕೋಳಿಗಳು ತಲೆ ಎತ್ತಲಿಲ್ಲ.

"ಸದ್ಯ, ಇನ್ನು ನಿಮಗೂ ನೆಮ್ಮದಿ, ನನಗೂ ನೆಮ್ಮದಿ," ಎಂದು ಕಂಡಕ್ಟರಮ್ಮ ಒಳಗೆ ಹೋದರು.

ನೆಮ್ಮದಿ ಇಷ್ಟು ಉದ್ದ ಇರುತ್ತದೆಂದು, ಸದಾ ಟೇಪು ಕೊರಳಿಗೆ ಹಾಕಿಕೊಂಡಿರುವ ಅವಳಿಗೂ ಗೊತ್ತಿರಲಿಲ್ಲ. ಮನೆಗೆ ಜನ ಬರುತ್ತಿದ್ದರು; ಕೈ ಎತ್ತಿ ಅಳತೆ ಕೊಟ್ಟು, "ಯಾವಾಗ ಸಿಗುತ್ತದೆ?" ಎಂದು ಕೇಳಿ ಹೋಗುತ್ತಿದ್ದರು. ಊರಿನ ಮದುವೆಗಳಿಗೆಲ್ಲ ಬಟ್ಟೆ ಹೊಲಿದು ತಾನು ಹಾಗೇ ಉಳಿದವಳು. ಯಾರ ಎದೆ ಎಷ್ಟು ಇಂಚು ಎಂದು ಅವಳಿಗೆ ಬಾಯಿಪಾಠ. ಅದರೊಳಗೆ ಏನಿದೆಯೆಂದು ಅವರು ಹೇಳುತ್ತಿರಲಿಲ್ಲ, ಇವಳನ್ನು ಕೇಳುತ್ತಲೂ ಇರಲಿಲ್ಲ.

ಒಮ್ಮೆ ಗೋಡೆಯ ಬಳಿ ನಿಂತು, "ಮೋಡ ಆಗಿದೆ," ಎಂದು ಮಾತೆತ್ತಿ ನೋಡಿದಳು.

"ಹೌದು," ಎಂದರು ಕಂಡಕ್ಟರಮ್ಮ.

ಅಲ್ಲಿಗೆ ಮುಗಿಯಿತು. ಜಗಳಕ್ಕೆ ನೂರು ಮಾತು ಹುಟ್ಟುವ ಬಾಯಲ್ಲಿ ಸ್ನೇಹಕ್ಕೆ ಎರಡನೆಯದು ಹುಟ್ಟಲಿಲ್ಲ.

ಆದ್ದರಿಂದ ಒಂದು ಬೆಳಗ್ಗೆ ಹೊಲಿಗೆಯಕ್ಕ ಮರಿಗಳನ್ನು ಬುಟ್ಟಿಯಲ್ಲಿ ಮನೆಯೊಳಗಿಟ್ಟು (ಅವಳೇನು ಕಟುಕಳೇ?), ಜಾಲರಿಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಕಿವಿ ನಿಮಿರಿಸಿ ಮೆಷಿನ್ನಿನ ಮುಂದೆ ಕೂತಳು. ಸೀಟಿ ಕೇಳಿತು. ಹಿಂದೆಯೇ ರೆಕ್ಕೆ ಬಡಿಯುವ ಸದ್ದು, ಕೂಗು, ರಂಪ. ಆದರೆ ಆ ಕೂಗು ಕೋಳಿಯದಲ್ಲ. ಅವಳು ಪೊರಕೆ ಹುಡುಕುವಷ್ಟರಲ್ಲಿ ಕಂಡಕ್ಟರಮ್ಮನೇ ಗೋಡೆಯ ಮೇಲೆ ಪಾಸನ್ನು ಎತ್ತಿ ಹಿಡಿದಿದ್ದರು. ಅದರ ಮೂಗು ಹರಿದಿತ್ತು.

"ಟೈಲರಮ್ಮ! ನೋಡಿ ನಿಮ್ಮ ಕರಿ ಹೇಂಟೆ ಮಾಡಿದ ಕೆಲಸ!"

ಹೊಲಿಗೆಯಕ್ಕನ ಮುಖ ಅರಳಿತು. ಕೂಡಲೇ ಹುಬ್ಬು ಗಂಟಿಕ್ಕಿದಳು. "ಒಳಗೆ ನುಗ್ಗಿದ್ದು ಯಾರು?"

"ಬಾಗಿಲು ತೆಗೆದಿತ್ತಲ್ಲ!"

"ನಿಮ್ಮ ಬಸ್ಸಿನ ಬಾಗಿಲೂ ತೆಗೆದಿರುತ್ತಿತ್ತು. ಹತ್ತಿದವರನ್ನು ಟಿಕೆಟ್ ಕೇಳದೆ ಬಿಡುತ್ತಿದ್ದಿರಾ?"

ಇಂಥವು ಇನ್ನೂ ಹತ್ತಾರು ಅವಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಕಂಡಕ್ಟರಮ್ಮ ಕರವಸ್ತ್ರದಿಂದ ಬೆಕ್ಕಿನ ಮೂಗು ಒತ್ತಿ ಹಿಡಿದರು.

"ನೀವು ಹೇಳುವುದೂ ಸರಿ. ಸಾಕು ಈ ಜಗಳ. ನಾಳೆಯಿಂದ ಹಳೆ ಡಿಪೋದ ಹಿಂದೆ ಹೋಗಿ ಊಟ ಹಾಕಿ ಬರುತ್ತೇನೆ. ಈ ಕಡೆ ಒಂದು ಬೆಕ್ಕೂ ಬರುವುದಿಲ್ಲ."

ವರ್ಷದಿಂದ ಗಂಟಲು ಹರಿಯುವ ಹಾಗೆ ಕೇಳಿದ್ದು ಒಂದೇ ಮಾತಿಗೆ ಸಿಕ್ಕಿಬಿಟ್ಟಿತು.

"ಅಷ್ಟು ದೂರವೇ?"

"ಇನ್ನೆಲ್ಲಿ ಹೋಗಲಿ?"

"ಅಲ್ಲಿ ನಾಯಿಗಳಿವೆ."

"ನೋಡಿಕೊಳ್ಳುತ್ತೇನೆ."

"ಮೂಗಿಗೆ ಮುಲಾಮು..."

"ಹಚ್ಚುತ್ತೇನೆ ಟೈಲರಮ್ಮ. ನಿಮಗಿನ್ನೇನು ಬೇಕು?"

ಹೊಲಿಗೆಯಕ್ಕ ಬರಿಗೈ ನೋಡಿಕೊಂಡಳು. "ನನಗೇನು ಬೇಕು? ಏನೂ ಬೇಡ. ಬೆಕ್ಕುಗಳು ಎಲ್ಲಿ ಬೇಕಾದರೂ ಉಣ್ಣಲಿ. ನಾನು ಹೇಳಿದ್ದು ಏನೆಂದರೆ, ನೀವು ಮಾತ್ರ ಬೆಳಗ್ಗೆ ಒಂದು ಸಲ ಈ ಗೋಡೆಯ ಹತ್ತಿರ ಬಂದು, ಏನಾದರೂ ಒಂದು, ಬೈಯುವುದಕ್ಕಾದರೂ..." ಎನ್ನುತ್ತಲೇ ತಿರುಗಿ, ಬಾಗಿಲು ಹಾಕುವ ನೆವ ಮಾಡಿಕೊಂಡು ಜಾಲರಿಯ ಕಡೆಗೆ ನಡೆದುಬಿಟ್ಟಳು.